ತೋಟದ ಕೆಳಗಿನ ಹಳ್ಳದಲ್ಲಿ ತಾಮ್ರ ಅಳೆಯಲು ಡಿಜಿಟಿ: ಮುಂಗಾರಿಗೆ ಮೊದಲು ಏನೇನು ಸಿದ್ಧವಿರಬೇಕು?

ಮೇಲಿನ_ಹಳ್ಳ (ಮೂಡಿಗೆರೆ)

ಹೇಮಾವತಿಗೆ ಸೇರುವ ಸಣ್ಣ ಹಳ್ಳವೊಂದರಲ್ಲಿ ಕರಗಿದ ತಾಮ್ರ ಅಳೆಯಬೇಕಿದೆ. ಹಳ್ಳದ ತಲೆಯಲ್ಲಿ ಕಾಡು, ನಡುವೆ ಕಾಫಿ ತೋಟ, ತಗ್ಗಿನಲ್ಲಿ ಅಡಿಕೆ. ಮಳೆ ಹಿಡಿಯುವ ಮುಂಚೆ ಒಂದು ಸಲ, ಅದಾಗಿ 40–45 ದಿನಕ್ಕೆ ಮತ್ತೊಂದು ಸಲ ಬೋರ್ಡೋ (ಮೈಲುತುತ್ತ, ಸುಣ್ಣದ ದ್ರಾವಣ) ಹೊಡೆಯುತ್ತಾರೆ. ವಾರಕ್ಕೊಮ್ಮೆ ಬಾಟಲಿಯಲ್ಲಿ ನೀರು ತುಂಬಿಕೊಂಡು ಬಂದರೆ ಮಳೆ ತೊಳೆದು ತರುವ ತಾಮ್ರ ಕೈತಪ್ಪುತ್ತದೆ, ಅದಕ್ಕೇ ಡಿಜಿಟಿ, ಅಂದರೆ ದಿನಗಟ್ಟಲೆ ನೀರಿನಲ್ಲೇ ಇದ್ದು ತೆಳು ಜೆಲ್ ಮೂಲಕ ಲೋಹ ಸೇರಿಸಿಕೊಳ್ಳುವ ಸಣ್ಣ ಉಪಕರಣ, ಇಳಿಸುವ ಯೋಚನೆ. ಸತು, ನಿಕ್ಕಲ್, ಮ್ಯಾಂಗನೀಸ್ ಕೂಡ ಸಿಕ್ಕರೆ ಒಳ್ಳೆಯದು.

ನೀರಿನ ಪಿಎಚ್ 6.4–6.9, ವಾಹಕತೆ 35–50 ಮೈಕ್ರೋಸೀಮೆನ್ಸ್, ಜೂನ್ ತಿಂಗಳಲ್ಲಿ ಉಷ್ಣತೆ 20–22 ಡಿಗ್ರಿ. ಎಲೆ ಕೊಳೆತು ತಿಳಿ ಚಹಾದ ಬಣ್ಣ. ಅಳೆಯಲು ಐಸಿಪಿ-ಎಂಎಸ್ (ಅತ್ಯಲ್ಪ ಲೋಹವನ್ನೂ ಅಳೆಯುವ ಯಂತ್ರ) ಸಿಗುತ್ತದೆ. ಎಷ್ಟು ದಿನ ನೀರಿನಲ್ಲಿಡಬೇಕು, ಒಂದು ಜಾಗಕ್ಕೆ ಎಷ್ಟು ಬೇಕು, ಇಷ್ಟು ಮೃದುವಾದ ನೀರಿನಲ್ಲಿ ಅದರೊಳಗಿನ ಕೀಲೆಕ್ಸ್ (ಲೋಹ ಹಿಡಿಯುವ ರಾಳ) ಕೊಡುವ ಅಂಕಿಯನ್ನು ನಂಬಬಹುದೇ?

ತೆಳು_ಪದರ

ಸರ್, ಮೊದಲು ಇದು ಏನನ್ನು ಅಳೆಯುತ್ತದೆ ಎಂಬುದು ಗಟ್ಟಿಯಾಗಿರಲಿ. ಆಮೇಲಿನ ಗೊಂದಲಗಳಲ್ಲಿ ಅರ್ಧ ಇಲ್ಲಿಂದಲೇ ಹುಟ್ಟುತ್ತವೆ.

ಡಿಜಿಟಿಯಲ್ಲಿ ಮೂರು ಪದರ. ನೀರಿಗೆ ತಾಗುವಂತೆ 0.45 ಮೈಕ್ರಾನ್ ಫಿಲ್ಟರ್, ಅದರ ಹಿಂದೆ 0.8 ಮಿ.ಮೀ. ವಿಸರಣಾ ಜೆಲ್ (ಅಯಾನು ತಾನಾಗಿ ಹರಡುತ್ತಾ ಸಾಗುವ ಪದರ), ಅದರ ಹಿಂದೆ ಕೀಲೆಕ್ಸ್-100 ತುಂಬಿದ 0.4 ಮಿ.ಮೀ. ಬಂಧಕ ಜೆಲ್. ಲೋಹದ ಅಯಾನು ಮೊದಲ ಎರಡನ್ನು ದಾಟಿ ಬಂದು ಕೀಲೆಕ್ಸ್‌ಗೆ ಅಂಟುತ್ತದೆ, ಮತ್ತೆ ಬಿಡುವುದಿಲ್ಲ. ಕೀಲೆಕ್ಸ್ ಬಳಿ ಸಾಂದ್ರತೆ ಸೊನ್ನೆ, ನೀರಿನ ಬದಿಗೆ ನೀರಿನದೇ ಸಾಂದ್ರತೆ; ನಡುವಿನ ಇಳಿಜಾರು ಗೊತ್ತಿರುವ ದಪ್ಪದ ಜೆಲ್‌ನಲ್ಲಿ ಇರುವುದರಿಂದ ಫಿಕ್‌ನ ಮೊದಲ ನಿಯಮ (ಇಳಿಜಾರು ಕಡಿದಾದಷ್ಟೂ ಹರಿವು ಹೆಚ್ಚು) ಹಾಕಿ ಲೆಕ್ಕ ಮಾಡಬಹುದು. ಲ್ಯಾಂಕಾಸ್ಟರ್ ವಿಶ್ವವಿದ್ಯಾಲಯದ ಡೇವಿಸನ್ ಮತ್ತು ಝಾಂಗ್ 1994ರಲ್ಲಿ ಇದನ್ನು ಪ್ರಕಟಿಸಿದರು. ಪ್ರತಿ ಹೊಸ ನೀರಿಗೂ ಪ್ರಯೋಗಾಲಯದಲ್ಲಿ ಹೀರುವ ದರ ಅಳೆದು ತರಬೇಕಾದ ಕೆಮ್‌ಕ್ಯಾಚರ್‌ನಂಥ ಉಪಕರಣಗಳಿಗಿಂತ ಇದು ನಿಮಗೆ ಹೊಂದುವುದು ಇದೇ ಕಾರಣಕ್ಕೆ.

ಸಿಗುವ ಅಂಕಿ ಇಟ್ಟಷ್ಟೂ ಹೊತ್ತಿನ ಸರಾಸರಿ. ಒಂದು ಉದಾಹರಣೆ: ವಾರದ 168 ಗಂಟೆಗಳಲ್ಲಿ ಔಷಧಿ ಹೊಡೆದ ಮರುದಿನದ ಮಳೆಗೆ 6 ಗಂಟೆ ಕಾಲ ಲೀಟರಿಗೆ 20 ಮೈಕ್ರೋಗ್ರಾಂ, ಉಳಿದ 162 ಗಂಟೆ 0.5 ಮೈಕ್ರೋಗ್ರಾಂ ಇತ್ತು ಅನ್ನಿ. ಬಾಟಲಿ ಹಿಡಿದವರಿಗೆ ಬಹುತೇಕ 0.5 ಸಿಗುತ್ತದೆ. ಡಿಜಿಟಿ ಸುಮಾರು 1.2 ತೋರಿಸುತ್ತದೆ. ಏರಿಳಿತ ಕಾಣುವುದಿಲ್ಲ, ಆದರೆ ಬಂದದ್ದು ಲೆಕ್ಕ ತಪ್ಪುವುದಿಲ್ಲ. ಏರಿಳಿತವೂ ಬೇಕಿದ್ದರೆ ಒಂದೇ ಜಾಗದಲ್ಲಿ 7 ದಿನದ್ದೊಂದು ಗುಂಪು, ಅದರ ಪಕ್ಕದಲ್ಲೇ 2 ದಿನಕ್ಕೊಮ್ಮೆ ಬದಲಿಸುವ ಇನ್ನೊಂದು ಗುಂಪು ಇಡಿ.

ಇನ್ನು ಸಿಗುವುದು ಒಟ್ಟು ತಾಮ್ರ ಅಲ್ಲ. ಬಿಡಿ ಅಯಾನು ಮತ್ತು ಜೆಲ್ ದಾಟುವಷ್ಟರಲ್ಲಿ ಕಳಚಿಕೊಳ್ಳುವ ಸಡಿಲ ಬಂಧದ ತಾಮ್ರ ಮಾತ್ರ. ನಿಮ್ಮ ಚಹಾ ಬಣ್ಣದ ನೀರಿನಲ್ಲಿ ಹ್ಯೂಮಿಕ್ ಆಮ್ಲ ತಾಮ್ರವನ್ನು ಬಿಗಿಯಾಗಿ ಹಿಡಿದಿರುತ್ತದೆ. ಆ ದೊಡ್ಡ ಅಣುಗಳು ಜೆಲ್‌ನಲ್ಲಿ ಬಿಡಿ ಅಯಾನಿನ ಐದನೇ ಒಂದು ಪಾಲಿನ ವೇಗದಲ್ಲಿ ಸಾಗುತ್ತವೆ. ಬೋರ್ಡೋದ ತಾಮ್ರದಲ್ಲಿ ಬಹುಪಾಲು ಸುಣ್ಣದ ಜೊತೆ ಕೂಡಿದ ಕಣ, ಅದು ಫಿಲ್ಟರ್ ದಾಟುವುದೇ ಇಲ್ಲ. ಹಾಗಾಗಿ ಫಿಲ್ಟರ್ ಮಾಡಿದ ನೀರಿನ ಅಂಕಿಗಿಂತ ಡಿಜಿಟಿ ಅಂಕಿ ಕಡಿಮೆ ಬಂದರೆ ಉಪಕರಣ ಕೆಟ್ಟಿದೆ ಎಂದು ತಿಳಿಯಬೇಡಿ.

ಯಗಚಿ_ದಂಡೆ (ಬೇಲೂರು)

ಇಳಿಸುವ ಕೆಲಸದ ಬಗ್ಗೆ. ಲೆಕ್ಕ ಎಷ್ಟೇ ಸರಿಯಿದ್ದರೂ ಮಲೆನಾಡಿನ ಹಳ್ಳದಲ್ಲಿ ಹೆಚ್ಚು ಉಪಕರಣ ಹಾಳಾಗುವುದು ಇಲ್ಲೇ.

ಕಟ್ಟಲು ನೈಲಾನ್ ದಾರ, ಮೀನಿನ ಗಾಳದ ದಾರವಾದರೂ ಸರಿ. ತಂತಿ ಬೇಡ. ಜಿಐ ತಂತಿ ಅಂದರೆ ಸತು, ಬೈಂಡಿಂಗ್ ವೈರ್ ಅಂದರೆ ಕಬ್ಬಿಣ. ಭಾರಕ್ಕೆ ಬಲೆಯ ಸೀಸದ ಗುಂಡು ಕಟ್ಟಲೇಬೇಡಿ. ಹಳ್ಳದ್ದೇ ಕಲ್ಲನ್ನು ಪ್ಲಾಸ್ಟಿಕ್ ಬಲೆಚೀಲದಲ್ಲಿ ಹಾಕಿ ಕಟ್ಟಿ. ಪಾಲಿಪ್ರೊಪಿಲೀನ್ ಅಥವಾ ಅಕ್ರಿಲಿಕ್ ಹಲಗೆಗೆ 3 ಉಪಕರಣ ಕೂರಿಸಿ, ಹಲಗೆಯನ್ನು 10% ನೈಟ್ರಿಕ್ ಆಮ್ಲದಲ್ಲಿ ಒಂದು ದಿನ ನೆನೆಸಿ ತೊಳೆದಿಟ್ಟುಕೊಳ್ಳಿ.

ಜಾಗ: ನೀರು ಸಾಗುತ್ತಿರಬೇಕು, ನೊರೆ ಏಳಬಾರದು. ಜಲಪಾತದ ಬುಡದಲ್ಲಿ ಇಟ್ಟರೆ ಗಾಳಿಗುಳ್ಳೆ ಫಿಲ್ಟರ್ ಮೇಲೆ ಕೂತು ಅಷ್ಟು ಜಾಗ ಮುಚ್ಚಿಹೋಗುತ್ತದೆ. ಮುಖ ಹರಿವಿಗೆ ಎದುರಾಗಿ ಬೇಡ, ಅಡ್ಡಕ್ಕೆ ಇರಲಿ. ಎದುರು ಇಟ್ಟರೆ ಆರಿದ್ರಾ ಮಳೆಯ ಕೆಂಪು ನೀರಿನಲ್ಲಿ ಬರುವ ಮರಳು ಫಿಲ್ಟರನ್ನು ಸವೆಸುತ್ತದೆ. ಮೇಲ್ಮುಖವಾಗಿ ಇಟ್ಟರೆ ಹೂಳು ಕೂರುತ್ತದೆ.

ಆಳ: ಮಳೆ ನಿಂತ ಮೂರನೇ ದಿನ ನೀರು ಎಲ್ಲಿಗೆ ಇಳಿಯುತ್ತದೆ ನೋಡಿ, ಅದಕ್ಕಿಂತ ಒಂದು ಗೇಣು ಕೆಳಗೆ ಇರಲಿ. ಒಂದು ಗಂಟೆ ಗಾಳಿಗೆ ತೆರೆದುಕೊಂಡರೂ ಜೆಲ್ ಒಣಗಿ ಕುಗ್ಗುತ್ತದೆ, ಅಂಥದ್ದನ್ನು ಎಸೆಯಬೇಕು. ದಾರವನ್ನು ದಂಡೆಯ ಮರದ ಬೇರಿಗೆ ಕಟ್ಟಿ, ಕೊಂಬೆಗೆ ಬೇಡ. ಹಳ್ಳ ಏರಿದಾಗ ಕೊಚ್ಚಿ ಬರುವ ಮರದ ತುಂಡು ಕೊಂಬೆಯನ್ನೂ ಎಳೆದೊಯ್ಯುತ್ತದೆ. ಮೀನು, ಏಡಿ ಹಿಡಿಯುವವರು ದಾರ ಕಂಡರೆ ಎಳೆದು ನೋಡುತ್ತಾರೆ. ತೋಟದವರಿಗೆ ಮೊದಲೇ ಹೇಳಿಡುವುದು ಒಳ್ಳೆಯದು.

ಪುಡಿ ಹಾಕಿದ ಲ್ಯಾಟೆಕ್ಸ್ ಕೈಗವಸಿನಲ್ಲಿ ಸತು ಇರುತ್ತದೆ, ಪುಡಿಯಿಲ್ಲದ ನೈಟ್ರೈಲ್ ಬಳಸಿ. ಇಂಬಳಕ್ಕೆ ನಶ್ಯ, ಹೊಗೆಸೊಪ್ಪು, ಸುಣ್ಣ ಹಚ್ಚಿದ ಕೈಯಲ್ಲಿ ಉಪಕರಣದ ಚೀಲ ಬಿಚ್ಚಬೇಡಿ. ಹೊಗೆಸೊಪ್ಪಿನ ಗಿಡ ಮಣ್ಣಿನಿಂದ ಕ್ಯಾಡ್ಮಿಯಂ ಎಳೆದುಕೊಳ್ಳುವಂಥದ್ದು. ಒಬ್ಬರು ಇಂಬಳ ನೋಡಿಕೊಳ್ಳಲಿ, ಇನ್ನೊಬ್ಬರು ಶುದ್ಧ ಕೈಯಲ್ಲಿ ಉಪಕರಣ ಹಿಡಿಯಲಿ.

ತೆಳು_ಪದರ

ಯಗಚಿಯವರ ಮಾತಿಗೆ ಒಂದು ಅಂಕಿ ಸೇರಿಸುತ್ತೇನೆ. 1% ಬೋರ್ಡೋ ಅಂದರೆ 100 ಲೀಟರ್ ನೀರಿಗೆ 1 ಕೆ.ಜಿ. ಮೈಲುತುತ್ತ, 1 ಕೆ.ಜಿ. ಸುಣ್ಣ. ಮೈಲುತುತ್ತದಲ್ಲಿ ತಾಮ್ರ ಸುಮಾರು 25%. ಅಂದರೆ ಡ್ರಮ್ಮಿನ ದ್ರಾವಣದಲ್ಲಿ ಲೀಟರಿಗೆ 2.5 ಗ್ರಾಂ ತಾಮ್ರ. ಅದರ ಒಂದು ಹನಿಯಲ್ಲಿ, 0.05 ಮಿ.ಲೀ. ಎಂದಿಟ್ಟುಕೊಳ್ಳಿ, ಸುಮಾರು 125 ಮೈಕ್ರೋಗ್ರಾಂ. ಲೀಟರಿಗೆ 1 ಮೈಕ್ರೋಗ್ರಾಂ ತಾಮ್ರವಿರುವ ಹಳ್ಳದಲ್ಲಿ ಡಿಜಿಟಿ ವಾರವಿಡೀ ಹಿಡಿಯುವುದು 0.12 ಮೈಕ್ರೋಗ್ರಾಂ. ಒಂದು ಹನಿ ಅಂದರೆ ಅದರ ಸಾವಿರ ಪಟ್ಟು! ಔಷಧಿ ಹೊಡೆಯುತ್ತಿರುವ ದಿನ ತೋಟದೊಳಗೆ ಉಪಕರಣ ಬಿಚ್ಚಬೇಡಿ. ಡ್ರಮ್ಮು, ಔಷಧಿ ಹೊಡೆಯುವ ಪಂಪು, ಪೈಪು ಸಾಗಿಸಿದ ಜೀಪಿನಲ್ಲಿ ಪೆಟ್ಟಿಗೆ ಇಡಬೇಡಿ.

ಲ್ಯಾಬ್_ಮೂಲೆ (ಹಾಸನ)

ಸಿದ್ಧ ಉಪಕರಣ ತರಿಸಿದರೆ ಒಳ್ಳೆಯದೇ. ಆದರೆ ವಾರಕ್ಕೆ 20ರಂತೆ ಬೇಕೆಂದರೆ ಕವಚ ಮಾತ್ರ ತರಿಸಿ ಜೆಲ್ ಇಲ್ಲೇ ಮಾಡಬಹುದಲ್ಲ? ಅಕ್ರಿಲಮೈಡ್, ಅದನ್ನು ಗಟ್ಟಿಯಾಗಿಸುವ ಎಪಿಎಸ್ (ಅಮೋನಿಯಂ ಪರ್‌ಸಲ್ಫೇಟ್), ಟೆಮೆಡ್ ಎಲ್ಲವೂ ಪ್ರೋಟೀನ್ ಜೆಲ್ ಓಡಿಸುವವರ ಬಳಿ ಇರುತ್ತವೆ. ಜೆಲ್‌ನ ಎಳೆಗಳನ್ನು ಒಂದಕ್ಕೊಂದು ಬೆಸೆಯುವ ಕ್ರಾಸ್‌ಲಿಂಕರ್ ಮಾತ್ರ ಬೇರೆ ಅಲ್ಲವೇ?

ಕೀಲೆಕ್ಸ್_80

ಹೌದು, ಕ್ರಾಸ್‌ಲಿಂಕರ್ ಬೇರೆ. ಪ್ರೋಟೀನ್ ಜೆಲ್‌ನ ಬಿಸ್‌-ಅಕ್ರಿಲಮೈಡ್ ಹಾಕಿದರೆ ರಂಧ್ರ ಸಣ್ಣದಾಗಿ, ವಿಸರಣಾ ಗುಣಾಂಕ (ಅಯಾನು ಜೆಲ್‌ನಲ್ಲಿ ಎಷ್ಟು ಬೇಗ ಹರಡುತ್ತದೆ ಎಂಬ ಅಳತೆ) ಇಳಿದು, ಪ್ರಕಟಿತ ಪಟ್ಟಿಯ ಅಂಕಿ ನಿಮಗೆ ಹೊಂದುವುದಿಲ್ಲ. ಆ ಪಟ್ಟಿ ಇರುವುದು ಅಗರೋಸ್‌ನಿಂದ ಮಾಡಿದ ಕ್ರಾಸ್‌ಲಿಂಕರ್ ಬಳಸಿದ ಜೆಲ್‌ಗೆ: ಅಕ್ರಿಲಮೈಡ್ 15%, ಕ್ರಾಸ್‌ಲಿಂಕರ್ 0.3%.

ವಿಸರಣಾ ಜೆಲ್: 10 ಮಿ.ಲೀ. ಜೆಲ್ ದ್ರಾವಣಕ್ಕೆ ಆ ದಿನವೇ ಕಲಸಿದ 10% ಅಮೋನಿಯಂ ಪರ್‌ಸಲ್ಫೇಟ್ 70 ಮೈಕ್ರೋಲೀಟರ್ ಹಾಕಿ ಕಲಕಿ, ಆಮೇಲೆ ಟೆಮೆಡ್ 20 ಮೈಕ್ರೋಲೀಟರ್. 0.5 ಮಿ.ಮೀ. ಪ್ಲಾಸ್ಟಿಕ್ ಸ್ಪೇಸರ್ ಇಟ್ಟ ಎರಡು ಗಾಜಿನ ತಟ್ಟೆಗಳ ನಡುವೆ ನಿಲ್ಲಿಸದೆ ಹರಿಸಿ. 42–46 ಡಿಗ್ರಿ ಓವನ್‌ನಲ್ಲಿ ಒಂದು ಗಂಟೆ. ತೆಗೆದು ಅತಿಶುದ್ಧ ನೀರಿನಲ್ಲಿ 24 ಗಂಟೆ ನೆನೆಸಿ, 3–4 ಸಲ ನೀರು ಬದಲಿಸಿ. ಜೆಲ್ ಊದಿ 0.8 ಮಿ.ಮೀ. ಆಗುತ್ತದೆ. ಇಡುವುದು 0.01 ಮೋಲಾರ್ ಸೋಡಿಯಂ ನೈಟ್ರೇಟ್‌ನಲ್ಲಿ.

ಕೀಲೆಕ್ಸ್ ಜೆಲ್: 10 ಮಿ.ಲೀ. ದ್ರಾವಣಕ್ಕೆ 200–400 ಮೆಶ್ ಕೀಲೆಕ್ಸ್ ಒದ್ದೆ ತೂಕದಲ್ಲಿ 4 ಗ್ರಾಂ, ಪರ್‌ಸಲ್ಫೇಟ್ 50–60 ಮೈಕ್ರೋಲೀಟರ್, ಟೆಮೆಡ್ 15. ಸ್ಪೇಸರ್ 0.25 ಮಿ.ಮೀ., ಊದಿದ ಮೇಲೆ 0.4.

ಕೈಕೊಡುವ ಜಾಗಗಳು. ಪರ್‌ಸಲ್ಫೇಟ್ ಹಳತಾದರೆ ಜೆಲ್ ಗಟ್ಟಿಯಾಗದೆ ಅಂಚಿನಲ್ಲಿ ಲೋಳೆ ಉಳಿಯುತ್ತದೆ. ಬೇಸಿಗೆಯಲ್ಲಿ ಹೊರಗೇ 32 ಡಿಗ್ರಿ ಇದ್ದಾಗ ಟೆಮೆಡ್ ಹಾಕಿದ ಮೇಲೆ ನಿಧಾನ ಮಾಡಿದರೆ ಪಿಪೆಟ್‌ನಲ್ಲೇ ಕಟ್ಟಿಕೊಳ್ಳುತ್ತದೆ. ದ್ರಾವಣವನ್ನು ಫ್ರಿಜ್‌ನಿಂದ ತೆಗೆದ ಕೂಡಲೇ ಬಳಸಿ. ಗಾಜಿನ ನಡುವೆ ಗುಳ್ಳೆ ಸಿಕ್ಕರೆ ಆ ಭಾಗ ಕತ್ತರಿಸಿ ಬಿಡಿ. ಅಕ್ರಿಲಮೈಡ್ ಗಟ್ಟಿಯಾಗುವ ಮುಂಚೆ ನರಗಳಿಗೆ ವಿಷ, ಬರಿಗೈಯಲ್ಲಿ ಮುಟ್ಟುವಂತಿಲ್ಲ.

ಎಲ್ಲಕ್ಕಿಂತ ಮುಖ್ಯವಾದದ್ದು: ಕೀಲೆಕ್ಸ್ ಕಣ ಜೆಲ್‌ನ ಒಂದು ಬದಿಗೆ ಇಳಿದು ಕೂತಿರುತ್ತದೆ. ಜೋಡಿಸುವಾಗ ಆ ಬದಿ ಮೇಲಕ್ಕೆ, ವಿಸರಣಾ ಜೆಲ್‌ಗೆ ತಾಗುವಂತೆ ಇರಬೇಕು. ತಲೆಕೆಳಗಾದರೆ ಅಯಾನು ಇನ್ನೂ 0.4 ಮಿ.ಮೀ. ವರೆಗೆ ಹೆಚ್ಚು ದಾರಿ ಸಾಗಬೇಕು, ಅಂಕಿ 30% ತನಕ ಕಡಿಮೆ ಬರುತ್ತದೆ. ಹೊರಗಿನಿಂದ ನೋಡಿದರೆ ಗೊತ್ತೇ ಆಗುವುದಿಲ್ಲ. ಬೆರಳಿಗೆ ತರಿತರಿ ಸಿಗುವ ಬದಿ ಯಾವುದು ಎಂದು ಕೈಗವಸಿನಲ್ಲೇ ಸವರಿ ನೋಡಿ, ಬೆಳಕಿಗೆ ಓರೆಯಾಗಿ ಹಿಡಿದರೂ ತಿಳಿಯುತ್ತದೆ.

ಲ್ಯಾಬ್_ಮೂಲೆ (ಹಾಸನ)

ಕ್ರಾಸ್‌ಲಿಂಕರ್ ಸಿಗದಿದ್ದರೆ ಬರೀ ಅಗರೋಸ್?

ಕೀಲೆಕ್ಸ್_80

ಆಗುತ್ತದೆ. 1.5% ಅಗರೋಸ್ ಕುದಿಸಿ ಪೂರ್ತಿ ತಿಳಿಯಾದ ಮೇಲೆ ಬಿಸಿ ಮಾಡಿಟ್ಟ ಗಾಜಿನ ನಡುವೆ ಹುಯ್ಯಿರಿ, ಆರಿದಾಗ ಕಟ್ಟುತ್ತದೆ. ಊದುವುದಿಲ್ಲವಾದ್ದರಿಂದ ಸ್ಪೇಸರ್ ದಪ್ಪವೇ ಜೆಲ್ ದಪ್ಪ. ವಿಸರಣಾ ಗುಣಾಂಕ ಸ್ವಲ್ಪ ಹೆಚ್ಚು, ಆ ಪಟ್ಟಿ ಬೇರೆಯೇ ಇದೆ. ಮೆತ್ತಗಿರುವುದರಿಂದ ಮುಚ್ಚಳ ಒತ್ತುವಾಗ ಹರಿಯದಂತೆ ನೋಡಿ.

ಮೇಲಿನ_ಹಳ್ಳ (ಮೂಡಿಗೆರೆ)

ಉಪಯೋಗವಾಯಿತು. ಲೆಕ್ಕದ ಹಂತಗಳನ್ನು ಒಂದು ಸಲ ಅಂಕಿ ಹಾಕಿ ತೋರಿಸುವಿರಾ? ನೀರಿಗೆ ತೆರೆದ ಕಿಟಕಿಯ ವಿಸ್ತೀರ್ಣ 3.14 ಚದರ ಸೆಂ.ಮೀ. ಎಂದೂ 3.8 ಎಂದೂ ಎರಡೂ ಕಡೆ ಓದಿದ್ದೇನೆ.

ತೆಳು_ಪದರ

ಸೂತ್ರ ಇಷ್ಟೇ:

ನೀರಿನ ಸಾಂದ್ರತೆ = (ಕೀಲೆಕ್ಸ್‌ನಲ್ಲಿ ಸೇರಿದ ಲೋಹ × ವಿಸರಣಾ ದಪ್ಪ) ÷ (ವಿಸರಣಾ ಗುಣಾಂಕ × ಕಾಲ × ವಿಸ್ತೀರ್ಣ)

ಕೀಲೆಕ್ಸ್ ಡಿಸ್ಕನ್ನು 1 ಮೋಲಾರ್ ನೈಟ್ರಿಕ್ ಆಮ್ಲ 1 ಮಿ.ಲೀ.ನಲ್ಲಿ 24 ಗಂಟೆ ಪೂರ್ತಿ ಮುಳುಗಿಸಿಡಿ. 69% ಆಮ್ಲವಾದರೆ 100 ಮಿ.ಲೀ.ಗೆ ಸುಮಾರು 6.5 ಮಿ.ಲೀ., ಅತ್ಯಲ್ಪ ಲೋಹದ ವಿಶ್ಲೇಷಣೆಗೆಂದೇ ಬರುವ ದರ್ಜೆಯದೇ ಆಗಬೇಕು. ಐಸಿಪಿ-ಎಂಎಸ್‌ಗೆ ಹತ್ತು ಪಟ್ಟು ತೆಳು ಮಾಡಿದಾಗ ತಾಮ್ರ 4.6 ಮೈಕ್ರೋಗ್ರಾಂ/ಲೀ. ಬಂತು ಎಂದಿಟ್ಟುಕೊಳ್ಳೋಣ. ಮೂಲ ದ್ರಾವಣದಲ್ಲಿ 46, ಅಂದರೆ ಮಿ.ಲೀ.ಗೆ 46 ನ್ಯಾನೋಗ್ರಾಂ.

ಡಿಸ್ಕಿನೊಳಗೂ ದ್ರವ ಇರುತ್ತದೆ, ಸುಮಾರು 0.16 ಮಿ.ಲೀ. ಆಮ್ಲ ಎಲ್ಲ ತಾಮ್ರವನ್ನೂ ಬಿಡಿಸುವುದಿಲ್ಲ, 80% ಬಿಡಿಸುತ್ತದೆ. ಹಾಗಾಗಿ ಸೇರಿದ ತಾಮ್ರ = 46 × 1.16 ÷ 0.8 = 66.7 ನ್ಯಾನೋಗ್ರಾಂ. ಇದರಿಂದ ಬ್ಲ್ಯಾಂಕ್‌ನ (ನೀರಿಗೆ ಇಳಿಸದೆ ಹಾಗೇ ಅಳೆದ ಉಪಕರಣದ) ಸರಾಸರಿ ಕಳೆಯಿರಿ, ಉದಾಹರಣೆಯಲ್ಲಿ ಬಿಟ್ಟಿದ್ದೇನೆ.

ದಪ್ಪ: ಜೆಲ್ 0.8 + ಫಿಲ್ಟರ್ 0.14 = 0.94 ಮಿ.ಮೀ., ಅಂದರೆ 0.094 ಸೆಂ.ಮೀ. ಕಾಲ: 7 ದಿನ = 6,04,800 ಸೆಕೆಂಡು. ತಾಮ್ರದ ಗುಣಾಂಕ 25 ಡಿಗ್ರಿಯಲ್ಲಿ 6.23 × 10⁻⁶ ಚದರ ಸೆಂ.ಮೀ./ಸೆಕೆಂಡು, ನಿಮ್ಮ 22 ಡಿಗ್ರಿಗೆ ಸುಮಾರು 5.75 × 10⁻⁶. ವಿಸ್ತೀರ್ಣ 3.14 ಚದರ ಸೆಂ.ಮೀ.

66.7 × 0.094 = 6.27. ಕೆಳಗೆ 5.75 × 10⁻⁶ × 6,04,800 × 3.14 = 10.92. ಭಾಗಿಸಿದರೆ 0.57 ನ್ಯಾನೋಗ್ರಾಂ/ಮಿ.ಲೀ., ಅಂದರೆ ಲೀಟರಿಗೆ 0.57 ಮೈಕ್ರೋಗ್ರಾಂ.

25 ಡಿಗ್ರಿಯಲ್ಲಿ ಉಳಿದವು, ಅದೇ ಘಟಕದಲ್ಲಿ: ಸತು 6.08, ಕ್ಯಾಡ್ಮಿಯಂ 6.09, ನಿಕ್ಕಲ್ 5.77, ಮ್ಯಾಂಗನೀಸ್ 5.85, ಸೀಸ 8.03. ಉಷ್ಣತೆ ಒಂದು ಡಿಗ್ರಿ ಇಳಿದರೆ ಗುಣಾಂಕ ಸುಮಾರು 2.5% ಇಳಿಯುತ್ತದೆ. 20 ಡಿಗ್ರಿಯ ಹಳ್ಳಕ್ಕೆ 25ರ ಅಂಕಿ ಹಾಕಿದರೆ ಫಲಿತಾಂಶ 13% ಕಡಿಮೆಯಾಗುತ್ತದೆ. 15 ನಿಮಿಷಕ್ಕೊಮ್ಮೆ ಬರೆದಿಡುವ ಉಷ್ಣತಾ ಲಾಗರ್ ಜೊತೆಗೇ ಕಟ್ಟಿ. ಇಳಿಸಿದ ದಿನದ ಒಂದು ಅಳತೆ ಸಾಲದು.

ಗೊರೂರು_ಹಿನ್ನೀರು

3.14ರ ವಿಷಯದಲ್ಲಿ ನನ್ನ ತಕರಾರಿದೆ. ಕಿಟಕಿಯ ಅಳತೆ 3.14 ನಿಜ, ಆದರೆ ಜೆಲ್‌ನ ಒಳಗೆ ಅಯಾನು ಪಕ್ಕಕ್ಕೂ ಹರಡಿ ಹೋಗುತ್ತದೆ. ಪರಿಣಾಮಕ್ಕೆ ಬರುವ ವಿಸ್ತೀರ್ಣ 3.8. ಜೊತೆಗೆ ಫಿಲ್ಟರ್ ಮುಂದೆ ಕದಲದ ನೀರಿನ ತೆಳು ಪದರ ಒಂದಿದೆ. ಅದನ್ನು ದಾಟುವುದೂ ವಿಸರಣೆಯಿಂದಲೇ. ಎರಡನ್ನೂ ಬಿಟ್ಟು ಲೆಕ್ಕ ಹಾಕುವುದು ಸರಿಯೇ?

ತೆಳು_ಪದರ

ತಕರಾರು ಸರಿ. ಚುರುಕಾಗಿ ಹರಿಯುವ ಹಳ್ಳದಲ್ಲಿ ಆ ಪದರ ಸುಮಾರು 0.2–0.25 ಮಿ.ಮೀ. ಇರುತ್ತದೆ. ದಪ್ಪದಲ್ಲಿ ಬಿಟ್ಟದ್ದು ಸುಮಾರು 24%, ವಿಸ್ತೀರ್ಣದಲ್ಲಿ ಬಿಟ್ಟದ್ದು 21%. ಎರಡೂ ಎದುರುಬದುರು ನಿಂತು ಒಂದನ್ನೊಂದು ಹೊಡೆದುಹಾಕುತ್ತವೆ. ಆದ್ದರಿಂದ ಹರಿಯುವ ನೀರಿನಲ್ಲಿ ಎರಡನ್ನೂ ಬಿಡಬಹುದು. ಒಂದನ್ನು ಸೇರಿಸಿ ಇನ್ನೊಂದನ್ನು ಬಿಡುವುದು ಮಾತ್ರ ತಪ್ಪು, 3.8 ಹಾಕಿ ನೀರಿನ ಪದರ ಮರೆತವರ ಅಂಕಿ 20% ಕಡಿಮೆ ಇರುತ್ತದೆ.

ಗೊರೂರು_ಹಿನ್ನೀರು

ಹಿನ್ನೀರಿನಲ್ಲಿ, ಕೆರೆಯಲ್ಲಿ ಈ ಹೊಂದಾಣಿಕೆ ಮುರಿಯುತ್ತದೆ, ಅದನ್ನು ಒತ್ತಿ ಹೇಳಬೇಕು. ನೀರಿನ ಪದರ 0.6 ಮಿ.ಮೀ. ಆಯಿತೆಂದರೆ ದಪ್ಪ 1.54, ಬಿಟ್ಟ ತಪ್ಪು 64%, ವಿಸ್ತೀರ್ಣ ತುಂಬಿಕೊಡುವುದು 21% ಮಾತ್ರ. ಸರಳ ಲೆಕ್ಕದವರು ನಿಜಕ್ಕಿಂತ ನಾಲ್ಕನೇ ಒಂದು ಪಾಲು ಕಡಿಮೆ ವರದಿ ಮಾಡುತ್ತಾರೆ. ನಿಂತ ನೀರಿಗೆ 0.4, 0.8, 1.2 ಮಿ.ಮೀ. ಹೀಗೆ ಬೇರೆ ಬೇರೆ ದಪ್ಪದ ಜೆಲ್ ಒಟ್ಟಿಗೆ ಇಳಿಸಿ. ಸೇರಿದ ರಾಶಿಯ ವಿಲೋಮವನ್ನು ದಪ್ಪದ ಎದುರು ಗ್ರಾಫ್ ಹಾಕಿದರೆ ನೇರ ಗೆರೆ ಬರುತ್ತದೆ. ಗೆರೆಯ ಓರೆಯಿಂದ ಸಾಂದ್ರತೆ, ಲಂಬ ಅಕ್ಷವನ್ನು ಕಡಿಯುವ ಜಾಗದಿಂದ ನೀರಿನ ಪದರದ ದಪ್ಪ. ಇಲ್ಲಿ 3.8 ಬಳಸಲೇಬೇಕು. ನೀರಿನಲ್ಲಿ ಗುಣಾಂಕ ಜೆಲ್‌ಗಿಂತ ಹೆಚ್ಚು, ಜೆಲ್‌ನದು ನೀರಿನದರ 85% ಮಾತ್ರ, ಅದನ್ನೂ ಪದರದ ಲೆಕ್ಕಕ್ಕೆ ಸೇರಿಸಿ.

ಮೇಲಿನ_ಹಳ್ಳ (ಮೂಡಿಗೆರೆ)

ಮೃದು ನೀರಿನ ಪ್ರಶ್ನೆ ಉಳಿಯಿತು.

ಕೀಲೆಕ್ಸ್_80

ನಿಮ್ಮ ವಾಹಕತೆ 35–50 ಅಂದರೆ ಅಯಾನಿಕ ಬಲ (ನೀರಿನಲ್ಲಿ ಕರಗಿದ ಉಪ್ಪಿನ ಅಯಾನುಗಳ ಅಳತೆ) ಸುಮಾರು 0.5–0.8 ಮಿಲಿಮೋಲಾರ್. 1ಕ್ಕಿಂತ ಕೆಳಗೆ ಎಚ್ಚರ ಬೇಕು, 0.1ಕ್ಕಿಂತ ಕೆಳಗೆ ಅಂಕಿಯನ್ನು ನಂಬುವಂತಿಲ್ಲ. ನೀವು ನಡುವೆ ಇದ್ದೀರಿ.

ಕಾರಣ ಎರಡು. ಕೀಲೆಕ್ಸ್ ಸೋಡಿಯಂ ರೂಪದಲ್ಲಿರುತ್ತದೆ. ಉಪ್ಪಿಲ್ಲದ ನೀರಿಗೆ ಇಳಿಸಿದಾಗ ಸೋಡಿಯಂ ಹೊರಗೆ ನುಗ್ಗುತ್ತದೆ, ಆ ಎದುರು ಹರಿವು ಲೋಹದ ಅಯಾನಿನ ಒಳಹರಿವನ್ನು ಬದಲಿಸುತ್ತದೆ. ಎರಡನೆಯದು, ಸರಿಯಾಗಿ ತೊಳೆಯದ ಜೆಲ್‌ನಲ್ಲಿ ಉಳಿದ ಪರ್‌ಸಲ್ಫೇಟ್‌ನ ಶೇಷ ಮತ್ತು ಜೆಲ್‌ನದೇ ಅಲ್ಪ ವಿದ್ಯುದಾವೇಶ. ಗಡಸು ನೀರಿನಲ್ಲಿ ಈ ಆವೇಶ ಮುಚ್ಚಿಹೋಗುತ್ತದೆ, ಮಲೆನಾಡಿನ ನೀರಿನಲ್ಲಿ ಎದ್ದು ಕಾಣುತ್ತದೆ. ಹಾಗಾಗಿ ಮೇಲೆ ಹೇಳಿದ 3–4 ಸಲದ ತೊಳೆತ ನಿಮಗೆ ಸಾಲದು. ತೊಳೆದ ನೀರಿನ ಪಿಎಚ್ ಅತಿಶುದ್ಧ ನೀರಿನಷ್ಟೇ ಆಗುವ ತನಕ ಬದಲಿಸುತ್ತಾ ಹೋಗಿ. ಜೊತೆಗೆ ಒಂದು ಪರೀಕ್ಷೆ: ಹಳ್ಳದಷ್ಟೇ ತೆಳುವಾಗಿ, 0.5 ಮಿಲಿಮೋಲಾರ್ ಸೋಡಿಯಂ ನೈಟ್ರೇಟ್ ಮಾಡಿ, ಪಿಎಚ್ 6.5ಕ್ಕೆ ತಂದು, ಲೀಟರಿಗೆ 10 ಮೈಕ್ರೋಗ್ರಾಂ ತಾಮ್ರ ಹಾಕಿ, ಒಂದು ದಿನ ಕಲಕಿಟ್ಟುಕೊಳ್ಳಿ. ಆಮೇಲೆ 3 ಡಿಜಿಟಿ 8 ಗಂಟೆ ಮುಳುಗಿಸಿ, ಶುರುವಿನಲ್ಲೂ ಕೊನೆಯಲ್ಲೂ ನೀರಿನ ಮಾದರಿ ತೆಗೆಯಿರಿ. ಡಿಜಿಟಿ ಅಂಕಿ ನೀರಿನ ಅಂಕಿಯ 10% ಒಳಗೆ ಬಂದರೆ ನಿಮ್ಮ ಜೆಲ್ ಈ ಹಳ್ಳಕ್ಕೆ ಆಗುತ್ತದೆ. ಪಾತ್ರೆಯ ಗೋಡೆ ತಾಮ್ರ ಹೀರುವುದರಿಂದ ಹಾಕಿದ ತೂಕವನ್ನು ನೆಚ್ಚಬೇಡಿ, ಅಳೆದದ್ದನ್ನೇ ತೆಗೆದುಕೊಳ್ಳಿ.

ಐಸಿಪಿ_ಸಾಲು

ಸೋಡಿಯಂ ಮಾತು ಬಂದದ್ದರಿಂದ ಹೇಳುತ್ತೇನೆ. ಬ್ಲ್ಯಾಂಕ್ ಡಿಸ್ಕ್‌ಗಳಲ್ಲಿ ಕೀಲೆಕ್ಸ್ ಇನ್ನೂ ಸೋಡಿಯಂ ರೂಪದಲ್ಲೇ ಇರುತ್ತದೆ, ಆಮ್ಲ ಹಾಕಿದಾಗ ಅದೆಲ್ಲ ಹೊರಬರುತ್ತದೆ. ಯಂತ್ರದೊಳಗೆ ಆರ್ಗಾನ್ 40 ಮತ್ತು ಸೋಡಿಯಂ 23 ಸೇರಿ 63 ಆಗುತ್ತದೆ, ತಾಮ್ರ 63ರ ಮೇಲೆಯೇ ಕೂರುತ್ತದೆ. ಬ್ಲ್ಯಾಂಕ್‌ನಲ್ಲಿ ಇಲ್ಲದ ತಾಮ್ರ ಕಂಡು, ಅದನ್ನು ಮಾದರಿಯಿಂದ ಕಳೆದು, ಹಳ್ಳದ ತಾಮ್ರವೇ ಮಾಯವಾಗುತ್ತದೆ. ಹಳ್ಳದಲ್ಲಿ ಇದ್ದು ಬಂದ ಡಿಸ್ಕ್ ಬಹುಮಟ್ಟಿಗೆ ಕ್ಯಾಲ್ಸಿಯಂ ರೂಪಕ್ಕೆ ಬಂದಿರುವುದರಿಂದ ಅದರಲ್ಲಿ ಈ ತೊಂದರೆ ಕಡಿಮೆ, ಆದ್ದರಿಂದಲೇ ವ್ಯತ್ಯಾಸ ಮೋಸ ಮಾಡುತ್ತದೆ. ಇಂಥ ಜೋಡಿ ಅಯಾನುಗಳನ್ನು ತಡೆಯುವ ಹೀಲಿಯಂ ಘರ್ಷಣೆ ಕ್ರಮದಲ್ಲಿ ಓಡಿಸಿ, 63 ಮತ್ತು 65 ಎರಡನ್ನೂ ನೋಡಿ. ಎರಡೂ ಒಂದೇ ಸಾಂದ್ರತೆ ಹೇಳದಿದ್ದರೆ ಅಲ್ಲೇ ನಿಲ್ಲಿಸಿ. ಮಾದರಿಗಳಲ್ಲಿ ಕ್ಯಾಲ್ಸಿಯಂ ಆಕ್ಸೈಡ್ ನಿಕ್ಕಲ್ 60ರ ಮೇಲೆ ಬೀಳುತ್ತದೆ, ಅದಕ್ಕೂ ಹೀಲಿಯಂ ಬೇಕು. ಮಾಪನ ದ್ರಾವಣಗಳ ಆಮ್ಲ ಮಾದರಿಯಷ್ಟೇ ಇರಲಿ, ಹತ್ತು ಪಟ್ಟು ತೆಳುವಿಗೆ 0.1 ಮೋಲಾರ್.

ಐಸಿಪಿ ಕೆಟ್ಟು ನಿಂತರೆ ಗ್ರಾಫೈಟ್ ಫರ್ನೇಸ್ ಆಗುತ್ತದೆ, ಒಂದು ಸಲಕ್ಕೆ 20 ಮೈಕ್ರೋಲೀಟರ್ ಸಾಕು. ಜ್ವಾಲೆಯಲ್ಲಿ ಅಳೆಯುವ ಫ್ಲೇಮ್ ಎಎಎಸ್ ಬೇಡ, ಒಂದು ಓದಿಗೇ ನಿಮ್ಮ 1 ಮಿ.ಲೀ. ಕುಡಿದುಬಿಡುತ್ತದೆ.

ಭದ್ರಾ_ಮೂಲ (ಕಳಸ)

ಎರಡು ಸಣ್ಣ ಪ್ರಶ್ನೆ. ಭದ್ರಾ ಮೇಲ್ಭಾಗದಲ್ಲಿ ಕಬ್ಬಿಣಕ್ಕೆ ಇದು ಆಗುತ್ತದೆಯೇ? ಕುದುರೆಮುಖದಲ್ಲಿ ಗಣಿಗಾರಿಕೆ 2005ರ ಕೊನೆಗೆ ನಿಂತರೂ ಮಳೆಗಾಲದ ಕೆಂಪು ನೀರಿನ ಬಗ್ಗೆ ಜನ ಕೇಳುತ್ತಲೇ ಇರುತ್ತಾರೆ. ಆರ್ಸೆನಿಕ್‌ಗೆ?

ತೆಳು_ಪದರ

ಕೆಂಪು ನೀರಿನ ಕಬ್ಬಿಣ ಬಹುತೇಕ ಕಣ ಮತ್ತು ಕಲಿಲ (ನೀರಿನಲ್ಲಿ ತೇಲುವ ಅತಿಸಣ್ಣ ಕಣ), ಅದು ಜೆಲ್ ದಾಟದು. ಗಾಳಿ ಆಡುವ ಹೊಳೆಯಲ್ಲಿ ಡಿಜಿಟಿ ಕಬ್ಬಿಣ ತೀರಾ ಕಡಿಮೆ ತೋರಿಸುತ್ತದೆ, ಅದನ್ನು ಹೊಳೆ ಶುದ್ಧ ಎಂದು ಓದಬಾರದು. ಜನ ಕೇಳುವ ಪ್ರಶ್ನೆಗೆ ಫಿಲ್ಟರ್ ಮಾಡದ ನೀರನ್ನು ಆಮ್ಲದಲ್ಲಿ ಜೀರ್ಣಿಸಿ ಅಳೆಯುವುದೇ ಉತ್ತರ. ಆರ್ಸೆನಿಕ್ ಋಣ ಅಯಾನಾಗಿ ಇರುವುದರಿಂದ ಕೀಲೆಕ್ಸ್ ಹಿಡಿಯುವುದಿಲ್ಲ. ಅದಕ್ಕೆ ಟೈಟಾನಿಯಂ ಡೈಆಕ್ಸೈಡ್ ಅಥವಾ ಫೆರಿಹೈಡ್ರೈಟ್ ತುಂಬಿದ ಜೆಲ್ ಬೇಕು.

ಯಗಚಿ_ದಂಡೆ (ಬೇಲೂರು)

ಡಿಸೆಂಬರ್‌ನಿಂದ ಕಾಫಿ ಹಣ್ಣಿನ ಪಲ್ಪಿಂಗ್ (ತಿರುಳು ತೆಗೆಯುವ ಕೆಲಸ) ಶುರುವಾದಾಗಲೂ ಇದೇ ಜಾಗದಲ್ಲಿ ಇಳಿಸಬಹುದೇ ಎಂದು ಯಾರಾದರೂ ಕೇಳುತ್ತಾರೆ, ಮುಂಚೆಯೇ ಹೇಳಿಡುತ್ತೇನೆ. ಪಲ್ಪಿಂಗ್ ನೀರು ಸೇರಿದ ಕಡೆ ಪಿಎಚ್ 5ಕ್ಕಿಂತ ಕೆಳಗಿಳಿಯಬಹುದು. ಅಲ್ಲಿ ಕೀಲೆಕ್ಸ್ ಮ್ಯಾಂಗನೀಸ್, ಸತು, ಕ್ಯಾಡ್ಮಿಯಂ ಸರಿಯಾಗಿ ಹಿಡಿಯುವುದಿಲ್ಲ. ತಾಮ್ರ ಇನ್ನೂ ಕೆಳಗಿನ ಪಿಎಚ್ ತನಕ ತಾಳುತ್ತದೆ. ಸಕ್ಕರೆ, ಪೆಕ್ಟಿನ್ ತುಂಬಿದ ನೀರಾದ್ದರಿಂದ ಎರಡು ಮೂರು ದಿನಕ್ಕೇ ಫಿಲ್ಟರ್ ಮೇಲೆ ಲೋಳೆ ಕಟ್ಟುತ್ತದೆ. ಲೋಳೆ ಲೋಹವನ್ನೂ ಹೀರುತ್ತದೆ, ದಾರಿಯನ್ನೂ ಉದ್ದ ಮಾಡುತ್ತದೆ. ಆ ಕಾಲಕ್ಕೆ 2 ದಿನಕ್ಕಿಂತ ಹೆಚ್ಚು ಇಡಬೇಡಿ. ಮಳೆಗಾಲದ ತಣ್ಣನೆ ಹಳ್ಳದಲ್ಲಿ 7 ದಿನ ಆರಾಮ, 10 ದಿನ ದಾಟುವುದು ಬೇಡ.

ಗೊರೂರು_ಹಿನ್ನೀರು

ಹಾಸನ ಸುತ್ತಿನ ಕೆರೆಗಳಲ್ಲಿ ಹೂಳಿನ ಒಳಗಿನ ನೀರು ಬೇಕಿದ್ದರೆ ಡಿಜಿಟಿಯ ಉದ್ದನೆ ಪಟ್ಟಿ ಇದೆ, ಕಿಟಕಿ 15 ಸೆಂ.ಮೀ. ಉದ್ದ, 1.8 ಅಗಲ. ಹೂಳಿಗೆ ಚುಚ್ಚುವ ಮುಂಚೆ ಉಪ್ಪು ಬೆರೆಸಿದ ಶುದ್ಧ ನೀರಿನಲ್ಲಿಟ್ಟು ರಾತ್ರಿಯಿಡೀ ನೈಟ್ರೋಜನ್ ಹಾಯಿಸಿ. ಇಲ್ಲದಿದ್ದರೆ ಜೆಲ್‌ನೊಂದಿಗೆ ಹೋದ ಆಮ್ಲಜನಕ ಅಲ್ಲಿನ ಕಬ್ಬಿಣವನ್ನು ತುಕ್ಕಾಗಿಸಿ ಫಿಲ್ಟರ್ ಮೇಲೇ ಕೂರಿಸುತ್ತದೆ. ಕಿತ್ತಳೆ ಬಣ್ಣ ಬಂದ ಪಟ್ಟಿ ಅದರ ಗುರುತು. ಪೀಪರ್ (ಪೊರೆ ಮುಚ್ಚಿದ ನೀರಿನ ಗೂಡುಗಳ ಹಲಗೆ) ಇಡುವವರಿಗೂ ಇದೇ ಮಾತು. ಅದು ಸಮತೋಲಕ್ಕೆ ಬರಲು 2–4 ವಾರ ಬೇಕು.

ಲ್ಯಾಬ್_ಮೂಲೆ (ಹಾಸನ)

ಬಂದ ಅಂಕಿಯನ್ನು ಕುಡಿಯುವ ನೀರಿನ ಮಾನಕ ಐಎಸ್ 10500 ಜೊತೆ ಹೋಲಿಸಬಹುದೇ? ಪಂಚಾಯಿತಿಯವರು ಕೇಳುವುದು ಅದನ್ನೇ.

ತೆಳು_ಪದರ

ಬೇಡ. 2012ರ ಆ ಮಾನಕದಲ್ಲಿ ತಾಮ್ರಕ್ಕೆ ಲೀಟರಿಗೆ 0.05 ಮಿ.ಗ್ರಾಂ, ಅಂದರೆ 50 ಮೈಕ್ರೋಗ್ರಾಂ, ಬೇರೆ ಮೂಲವಿಲ್ಲದಿದ್ದರೆ 1.5 ಮಿ.ಗ್ರಾಂ ತನಕ. ಅದು ಕುಡಿಯುವವರ ಹೊಟ್ಟೆಗೆ ಹೋಗುವ ಒಟ್ಟು ತಾಮ್ರದ ಲೆಕ್ಕ. ಡಿಜಿಟಿ ಹೇಳುವುದು ಸಡಿಲ ತಾಮ್ರದ ಲೆಕ್ಕ. ಪಂಚಾಯಿತಿಗೆ ಬಾಟಲಿ ನೀರಿನ ಒಟ್ಟು ಅಂಕಿ ಕೊಡಿ. ಡಿಜಿಟಿ ಅಂಕಿಗೆ ಬೆಲೆ ಇರುವುದು ಮೀನು, ಏಡಿ, ಹುಳುಗಳ ವಿಷಯದಲ್ಲಿ. ಕ್ಯಾಲ್ಸಿಯಂ ಕಡಿಮೆ ಇರುವ ಇಂಥ ನೀರಿನಲ್ಲಿ ಕಿವಿರಿನ ಮೇಲೆ ತಾಮ್ರಕ್ಕೆ ಪೈಪೋಟಿ ಇರುವುದಿಲ್ಲ. ಗಡಸು ನೀರಿನಲ್ಲಿ ಮೀನು ತಾಳಿಕೊಳ್ಳುವ ಪ್ರಮಾಣವನ್ನು ಇಲ್ಲಿ ತಾಳದು. ಕುಡಿಯಲು ಯೋಗ್ಯ ಎಂದ ಹಳ್ಳದಲ್ಲೇ ಮೀನುಮರಿ ಬದುಕದೆ ಇರಬಹುದು.

ಮೇಲಿನ_ಹಳ್ಳ (ಮೂಡಿಗೆರೆ)

ಎಲ್ಲರಿಗೂ ವಂದನೆ. ಯೋಜನೆ ಹೀಗೆ ಬರೆದುಕೊಂಡಿದ್ದೇನೆ, ತಪ್ಪಿದ್ದರೆ ತಿದ್ದಿ. ಮೂರು ಜಾಗ: ಕಾಡಿನ ಅಂಚು, ಕಾಫಿ ತೋಟದ ಕೆಳಗೆ, ಅಡಿಕೆ ತೋಟದ ಕೆಳಗೆ. ಪ್ರತಿ ಜಾಗಕ್ಕೆ 0.8 ಮಿ.ಮೀ.ನ 3, 7 ದಿನಕ್ಕೆ. ಅಡಿಕೆಯ ಕೆಳಗೆ ಮಾತ್ರ 0.4 ಮತ್ತು 1.2 ದಪ್ಪದ ತಲಾ 2, ನೀರಿನ ಪದರ ನೋಡಲು. ಒಟ್ಟು 13. ಬ್ಲ್ಯಾಂಕ್ 3, ಲ್ಯಾಬ್ ಫ್ರಿಜ್‌ನಲ್ಲೇ ಇಟ್ಟುಬಿಡುತ್ತೇನೆ. ಇಳಿಸುವಾಗಲೂ ಎತ್ತುವಾಗಲೂ ಪ್ರತಿ ಜಾಗದಲ್ಲಿ ಫಿಲ್ಟರ್ ಮಾಡಿದ್ದೊಂದು, ಮಾಡದ್ದೊಂದು ಬಾಟಲಿ. ಮೃಗಶಿರದ ಮೊದಲ ವಾರ ಶುರು.

ಕೀಲೆಕ್ಸ್_80

ಬ್ಲ್ಯಾಂಕ್ ಒಂದನ್ನು ತಿದ್ದಿಕೊಳ್ಳಿ. ಫ್ರಿಜ್‌ನಲ್ಲಿಟ್ಟ 3 ಲ್ಯಾಬ್‌ನ ಕೊಳೆ ಮಾತ್ರ ಹೇಳುತ್ತವೆ. ಇನ್ನೂ 3 ಹಳ್ಳದ ತನಕ ಬರಬೇಕು. ಉಳಿದವನ್ನು ಕಟ್ಟುವಷ್ಟು ಹೊತ್ತು ಚೀಲ ತೆರೆದು, ಮತ್ತೆ ಮುಚ್ಚಿ, ವಾಪಸು ತಂದು 4 ಡಿಗ್ರಿಯಲ್ಲಿಡಿ. ಎತ್ತುವ ದಿನ ಮತ್ತೆ ಅವನ್ನೇ ಒಯ್ದು ತೆರೆಯಿರಿ. ಪತ್ತೆಮಿತಿ ಅಂದರೆ ಈ ಬ್ಲ್ಯಾಂಕ್‌ಗಳ ಪ್ರಮಾಣಿತ ವಿಚಲನೆಯ ಮೂರು ಪಟ್ಟು. ಸತುವಿಗೆ ಅದು ತಾಮ್ರಕ್ಕಿಂತ ತುಂಬಾ ಮೇಲಿರುತ್ತದೆ, ಗಾಬರಿಯಾಗಬೇಡಿ. ಕಾಡಿನ ಅಂಚಿನ ಸತು ಆ ಮಿತಿಯ ಕೆಳಗೆ ಬಂದರೆ ಅಂಕಿ ಬರೆಯದೆ ಮಿತಿಗಿಂತ ಕಡಿಮೆ ಎಂದೇ ಬರೆಯಿರಿ.

ಎತ್ತಿದ ಮೇಲೆ ಅತಿಶುದ್ಧ ನೀರಿನಲ್ಲಿ ತೊಳೆದು, ನೀರು ಕೊಡವಿ, ಶುದ್ಧ ಜಿಪ್ ಚೀಲದಲ್ಲಿ ಗಾಳಿ ತೆಗೆದು ಮುಚ್ಚಿ. ಫ್ರೀಜರ್‌ಗೆ ಬೇಡ, ಜೆಲ್ ಒಡೆಯುತ್ತದೆ. ಇಳಿಸಿದ ಮತ್ತು ಎತ್ತಿದ ಹೊತ್ತನ್ನು ನಿಮಿಷದ ಲೆಕ್ಕದಲ್ಲಿ ಚೀಲದ ಮೇಲೇ ಬರೆಯಿರಿ. ಪುಸ್ತಕ ಮಳೆಗೆ ನೆನೆಯುತ್ತದೆ.

ಯಗಚಿ_ದಂಡೆ (ಬೇಲೂರು)

ಅಡಿಕೆಯ ಕೆಳಗಿನ ಜಾಗ ಹಳ್ಳ ಎರಡು ಕವಲು ಸೇರುವ ಕಡೆ ಇದ್ದರೆ, ಸೇರಿದ ಕೂಡಲೇ ಇಡಬೇಡಿ. ಎರಡೂ ನೀರು ಬೆರೆಯಲು ದೂರ ಬೇಕು. ಎರಡು ದಂಡೆಯಲ್ಲೂ ವಾಹಕತೆ ಅಳೆದು, ಒಂದೇ ಅಂಕಿ ಬರುವ ಕಡೆ ಕಟ್ಟಿ.